ಎರಡು ಲೋಗೋ, ಒಂದೇ ಗಾಡಿ: ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ, ಪಾರ್ಟ್ಸ್ ಕೌಂಟರಿನವನ ಕಣ್ಣಲ್ಲಿ

2022ರಲ್ಲಿ ಟೊಯೋಟಾ ಅರ್ಬನ್ ಕ್ರೂಸರ್ ಹೈರೈಡರ್ ಬಂದಾಗ ಅದರ ಹೈಬ್ರಿಡ್ ಮಾಡೆಲ್‌ಗೆ ಕಂಪನಿ ಹೇಳಿದ ಮೈಲೇಜ್ ಲೀಟರಿಗೆ 27.97 ಕಿಲೋಮೀಟರ್. ಅದೇ ವರ್ಷ ಬಂದ ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗೆ ಹೇಳಿದ್ದೂ 27.97. ಪಾಯಿಂಟ್ ಆದಮೇಲಿನ ಎರಡನೇ ಅಂಕಿ ಕೂಡ ಬದಲಾಗಿಲ್ಲ. ಆದರೂ ಇವೆರಡರಲ್ಲಿ ಯಾವುದು ಮೇಲು ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನಮ್ಮ ಮನೆಯಲ್ಲೂ ಇದೇ ಕಥೆ. ನನ್ನ ಹತ್ತಿರ ಹೈರೈಡರ್ ಹೈಬ್ರಿಡ್ ಇದೆ, ನನ್ನ ಷಡ್ಡಕರ ಹತ್ತಿರ ಗ್ರ್ಯಾಂಡ್ ವಿಟಾರಾ ಹೈಬ್ರಿಡ್ ಇದೆ. ಎರಡನ್ನೂ ಚೆನ್ನಾಗಿ ಓಡಿಸಿದ್ದೇನೆ. ಎರಡರ ಕೆಳಗೂ ಬಗ್ಗಿ ನೋಡಿದ್ದೇನೆ.

ಬಗ್ಗಿ ನೋಡುವುದು ನನ್ನ ಹಳೇ ಚಾಳಿ. ವರ್ಷಗಟ್ಟಲೆ ಸ್ಪೇರ್ ಪಾರ್ಟ್ಸ್ ಕೌಂಟರಿನ ಹಿಂದೆ ನಿಂತವನು ನಾನು. ಅಲ್ಲಿ ನಿಂತವನಿಗೆ ಗಾಡಿಯ ಮುಖಕ್ಕಿಂತ ಪಾರ್ಟ್ ನಂಬರ್ ಮುಖ್ಯ. ಮೆಕ್ಯಾನಿಕ್ ಬಂದು ಸುಮ್ನೆ ಗಾಡಿ ಹೆಸರು ಹೇಳಿದರೆ ಸಾಲದು. ಯಾವ ಇಂಜಿನ್, ಯಾವ ವರ್ಷ, ಯಾವ ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಅಂತ ಕೇಳಬೇಕು. ಆಗ ಗೊತ್ತಾಗುತ್ತದೆ, ರಸ್ತೆಯಲ್ಲಿ ಬೇರೆ ಬೇರೆ ಅನ್ನಿಸುವ ಗಾಡಿಗಳು ನಮ್ಮ ರ‍್ಯಾಕಿನಲ್ಲಿ ಒಂದೇ ಡಬ್ಬಿಯಲ್ಲಿ ಕೂತಿರುತ್ತವೆ ಅಂತ.

ಇದಕ್ಕೆ ನಮ್ಮ ಕಾಲದ ದೊಡ್ಡ ಉದಾಹರಣೆ ಫಿಯೆಟ್‌ನ 1.3 ಮಲ್ಟಿಜೆಟ್ ಡೀಸೆಲ್. 1248 ಸಿಸಿ. ಸ್ವಿಫ್ಟ್‌ನಲ್ಲಿ ಅದು ಡಿಡಿಐಎಸ್, ಟಾಟಾ ಇಂಡಿಕಾ ವಿಸ್ಟಾದಲ್ಲಿ ಕ್ವಾಡ್ರಾಜೆಟ್, ಪುಂಟೊದಲ್ಲಿ ಮಲ್ಟಿಜೆಟ್. ಸ್ವಿಫ್ಟ್‌ನವರು ಬಂದು ವಿಸ್ಟಾ ಇಂಜಿನ್ ಬಗ್ಗೆ ಮೂಗು ಮುರಿಯುತ್ತಿದ್ದರು, ಪುಂಟೊದವರು ಇಬ್ಬರ ಬಗ್ಗೆಯೂ! ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಹಂಚಿಕೊಂಡಿದ್ದಾರೆ ಅಂದಮಾತ್ರಕ್ಕೆ ಎಲ್ಲವೂ ಒಂದೇ ಅಂತಲೂ ಅಲ್ಲ. ಅದೇ ಇಂಜಿನ್‌ಗೆ ಸ್ವಿಫ್ಟ್‌ನಲ್ಲಿ ಸಾದಾ ಟರ್ಬೊ, 75 ಪಿಎಸ್ ಶಕ್ತಿ. ಎರ್ಟಿಗಾ, ಎಸ್‌ಎಕ್ಸ್4, ಲಿನಿಯಾ, ಮಾಂಜಾಗಳಲ್ಲಿ ವೇರಿಯೇಬಲ್ ಟರ್ಬೊ, 90 ಪಿಎಸ್. ಇದರ ಟರ್ಬೊ ಅದಕ್ಕೆ ಕೂರುವುದಿಲ್ಲ. ಹೀಗಾಗಿ ಗಾಡಿ ಹೋಲಿಸುವಾಗ ನಾನು ಕೇಳುವುದು ಎರಡೇ. ಯಾವುದು ಹಂಚಿಕೆ? ಯಾವುದು ಸ್ವಂತ?

ಅದನ್ನೇ ಈ ಎರಡು ಗಾಡಿಗಳಿಗೂ ಕೇಳೋಣ.

ಮೊದಲು ಕೆಳಗಿನಿಂದ. ಪ್ಲಾಟ್‌ಫಾರ್ಮ್ ಅಂದರೆ ಗಾಡಿಯ ನೆಲ, ಇಂಜಿನ್ ಕೂರುವ ಮುಂಭಾಗದ ಚೌಕಟ್ಟು, ಇಂಜಿನ್‌ಗೂ ನಮ್ಮ ಕಾಲಿಗೂ ನಡುವೆ ಇರುವ ಗೋಡೆ, ಸಸ್ಪೆನ್ಷನ್ ಬೋಲ್ಟ್ ಆಗುವ ಜಾಗಗಳು. ಇಲ್ಲಿ ಬಳಸಿರುವುದು ಸುಜುಕಿಯ ಗ್ಲೋಬಲ್-ಸಿ. ನಮ್ಮ ಹಳೇ ಎಸ್-ಕ್ರಾಸ್, ಬ್ರೆಜ್ಜಾ, ಯುರೋಪಿನಲ್ಲಿ ಮಾರುವ ವಿಟಾರಾ ಎಲ್ಲ ಇದರ ಮೇಲೇ ಕೂತಿವೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎಸ್-ಕ್ರಾಸ್‌ನಲ್ಲಿ 2600 ಮಿಲಿಮೀಟರ್ ಇತ್ತು. ಗ್ರ್ಯಾಂಡ್ ವಿಟಾರಾದಲ್ಲಿ 2600. ಹೈರೈಡರ್‌ನಲ್ಲಿ 2600. 2025ರಲ್ಲಿ ಬಂದ ಮಾರುತಿ ವಿಕ್ಟೋರಿಸ್‌ನಲ್ಲೂ 2600. ಅಂದರೆ ನನ್ನ "ಟೊಯೋಟಾ" ನಿಂತಿರುವುದು ಸುಜುಕಿಯ ಕಾಲಿನ ಮೇಲೆ.

ಇನ್ನು ಇಂಜಿನ್. ಇಲ್ಲಿ ಕಥೆ ತಿರುಗುತ್ತದೆ. ಎರಡೂ ಗಾಡಿಗಳಲ್ಲಿ ಎರಡು ತರದ ಪೆಟ್ರೋಲ್ ಇಂಜಿನ್ ಸಿಗುತ್ತದೆ. ಒಂದು 1462 ಸಿಸಿಯ ನಾಲ್ಕು ಸಿಲಿಂಡರ್, 103 ಪಿಎಸ್, ಮೈಲ್ಡ್ ಹೈಬ್ರಿಡ್ (ಪುಟ್ಟ ಮೋಟಾರ್ ಇಂಜಿನ್‌ಗೆ ಕೈಜೋಡಿಸುತ್ತದೆ ಅಷ್ಟೇ, ಒಂಟಿಯಾಗಿ ಗಾಡಿ ಎಳೆಯುವುದಿಲ್ಲ). ಇದು ಸುಜುಕಿಯದು. ಬ್ರೆಜ್ಜಾ, ಎರ್ಟಿಗಾ, ಎಕ್ಸ್‌ಎಲ್6ನಲ್ಲಿರುವ ಅದೇ ಕೆ15ಸಿ. ಇನ್ನೊಂದು 1490 ಸಿಸಿಯ ಮೂರು ಸಿಲಿಂಡರ್, ಜೊತೆಗೆ ಎಲೆಕ್ಟ್ರಿಕ್ ಮೋಟಾರ್. ಇಂಜಿನ್ 92 ಪಿಎಸ್, ಮೋಟಾರ್ 80 ಪಿಎಸ್, ಎರಡೂ ಸೇರಿದಾಗ ಸುಮಾರು 116 ಪಿಎಸ್. (92ಕ್ಕೆ 80 ಕೂಡಿಸಿದರೆ 172 ಆಗಬೇಕಲ್ಲ ಅಂತ ಷಡ್ಡಕರು ಕೇಳಿದ್ದರು. ಎರಡೂ ಒಂದೇ ಹೊತ್ತಿಗೆ ತಮ್ಮ ತುದಿ ಮುಟ್ಟುವುದಿಲ್ಲ, ಬ್ಯಾಟರಿ ಕೊಡುವ ಕರೆಂಟಿಗೂ ಮಿತಿ ಇದೆ.) ಬರೀ ಮೋಟಾರಿನಲ್ಲೂ ಗಾಡಿ ಎಳೆಯಬಲ್ಲ ಈ ಸ್ಟ್ರಾಂಗ್ ಹೈಬ್ರಿಡ್ ಪೂರ್ತಿ ಟೊಯೋಟಾದ್ದು. ಅಂದರೆ ಷಡ್ಡಕರ "ಮಾರುತಿ"ಯ ಬಾನೆಟ್ ಎತ್ತಿದರೆ ಒಳಗೆ ಟೊಯೋಟಾ ಇಂಜಿನ್.

ಕಟ್ಟಿದವರು ಯಾರು? ಎರಡೂ ಗಾಡಿಗಳ ತಯಾರಿ 2022ರಲ್ಲಿ ಶುರುವಾದದ್ದು ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ಒಂದೇ ಕಾರ್ಖಾನೆಯಿಂದ ಹೊರಬಂದು, ಒಂದು ಟೊಯೋಟಾ ಶೋರೂಮಿಗೆ ಹೋಯಿತು, ಇನ್ನೊಂದು ಮಾರುತಿಯ ನೆಕ್ಸಾಗೆ ಹೋಯಿತು.

ಗಾಡಿ ನೋಡುವಾಗ ಒಬ್ಬ ಮಾರಾಟದ ಹುಡುಗ "ಸಾರ್, ಇದು ಪ್ಯೂರ್ ನಮ್ಮ ಕಂಪನಿದು, ಅವರು ನಮ್ಮಿಂದ ಕಾಪಿ ಮಾಡಿದ್ದು" ಅಂದ. ಯಾವ ಶೋರೂಮ್ ಅಂತ ಹೇಳುವುದಿಲ್ಲ. ಯಾವ ಕಡೆಯವರು ಈ ಮಾತು ಹೇಳಿದರೂ ಅದು ಅರ್ಧ ಸುಳ್ಳೇ.

ಸುಜುಕಿ ಮತ್ತು ಟೊಯೋಟಾ ಜೊತೆಗೂಡುವ ಮಾತು ಶುರುವಾದದ್ದು 2016ರಲ್ಲಿ. 2018ರಲ್ಲಿ ಭಾರತದಲ್ಲಿ ಒಬ್ಬರಿಗೊಬ್ಬರು ಗಾಡಿ ಕೊಡುವ ಒಪ್ಪಂದ ಆಯಿತು. 2019ರಲ್ಲಿ ಮಾರುತಿಯ ಬಲೆನೊ ಹೋಗಿ ಟೊಯೋಟಾದ ಗ್ಲಾಂಝಾ ಆಯಿತು. 2020ರಲ್ಲಿ ವಿಟಾರಾ ಬ್ರೆಜ್ಜಾ ಅರ್ಬನ್ ಕ್ರೂಸರ್ ಆಯಿತು. 2023ರಲ್ಲಿ ಎರ್ಟಿಗಾದಿಂದ ರೂಮಿಯನ್, 2024ರಲ್ಲಿ ಫ್ರಾಂಕ್ಸ್‌ನಿಂದ ಟೈಸರ್. ಎದುರು ದಿಕ್ಕಿನಲ್ಲಿ 2023ರಲ್ಲಿ ಇನ್ನೋವಾ ಹೈಕ್ರಾಸ್ ಬಂದು ಇನ್‌ವಿಕ್ಟೊ ಆಗಿ ನಿಂತಿತು. ಯುರೋಪಿನಲ್ಲಿ ಇನ್ನೂ ಮಜಾ ಇದೆ. ಅಲ್ಲಿ ಟೊಯೋಟಾ ರಾವ್4 ಸುಜುಕಿ ಅಕ್ರಾಸ್ ಆಯಿತು, ಕೊರೊಲ್ಲಾ ಸ್ಟೇಷನ್ ವ್ಯಾಗನ್ ಸುಜುಕಿ ಸ್ವೇಸ್ ಆಯಿತು. ಇವುಗಳಲ್ಲಿ ಮೊದಲ ಗ್ಲಾಂಝಾ ನನಗೆ ತೀರಾ ಸೋಮಾರಿ ಕೆಲಸ ಅನ್ನಿಸಿತ್ತು. ಗ್ರಿಲ್ ಮತ್ತು ಲೋಗೋ ಬಿಟ್ಟರೆ ಬಲೆನೊವೇ. ಹೈರೈಡರ್ ಹಾಗಲ್ಲ. ಇಲ್ಲಿ ಇಬ್ಬರೂ ಏನೋ ಒಂದನ್ನು ತಂದಿದ್ದಾರೆ. ಒಬ್ಬರು ನೆಲ, ಇನ್ನೊಬ್ಬರು ಹೈಬ್ರಿಡ್ ಮತ್ತು ಕಾರ್ಖಾನೆ.

ಇನ್ನು ಓಡಿಸುವ ವಿಷಯ. ಬಟನ್ ಒತ್ತಿದರೆ ಸದ್ದೇ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ "ರೆಡಿ" ಅಂತ ಬರುತ್ತದೆ, ಗಾಡಿ ಮೋಟಾರಿನಲ್ಲೇ ಜಾರುತ್ತದೆ. ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವಾಗ ಇಂಜಿನ್ ಹೆಚ್ಚು ಹೊತ್ತು ಆಫ್ ಆಗಿಯೇ ಇರುತ್ತದೆ. ಬ್ಯಾಟರಿ ಬರೀ 0.76 ಕಿಲೋವ್ಯಾಟ್ ಅವರ್. ಪೂರ್ತಿ ಎಲೆಕ್ಟ್ರಿಕ್ ಗಾಡಿಗಳ ಮುಂದೆ ಇದು ಏನೂ ಅಲ್ಲ. ಆದರೆ ಬ್ರೇಕ್ ಹಿಡಿದಾಗಲೆಲ್ಲ ತುಂಬುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಚಾರ್ಜರ್ ಹಾಕುವ ತಲೆನೋವು ಇಲ್ಲ. ಊರೊಳಗೆ ನನಗೆ ಲೀಟರಿಗೆ 22ರಿಂದ 24 ಬರುತ್ತದೆ. ಹೈವೇಯಲ್ಲಿ ಒಂದೇ ಸಮ ಓಡಿಸಿದರೆ ಅದಕ್ಕಿಂತ ಕಡಿಮೆ. ಹೈಬ್ರಿಡ್ ಗಳಿಸುವುದೇ ಬ್ರೇಕ್‌ನಿಂದ, ಹೈವೇಯಲ್ಲಿ ಬ್ರೇಕ್ ಎಲ್ಲಿ ಹಿಡಿಯುತ್ತೇವೆ? ದಿನಾ ಹೈವೇಯಲ್ಲೇ ಓಡುವವರು ಜಾಸ್ತಿ ದುಡ್ಡು ಕೊಟ್ಟು ಇದನ್ನು ತಗೊಳ್ಳುವ ಮುಂಚೆ ಲೆಕ್ಕ ಹಾಕಬೇಕು.

ಏರು ರಸ್ತೆಯಲ್ಲಿ ಜೋರಾಗಿ ಒತ್ತಿದರೆ ಮೂರು ಸಿಲಿಂಡರಿನ ಸದ್ದು ಒಳಗೆ ಕೇಳುತ್ತದೆ. ಇಂಜಿನ್ ಕೂಗುತ್ತದೆ, ವೇಗ ನಿಧಾನಕ್ಕೆ ಏರುತ್ತದೆ. ಇದಕ್ಕೆ ಕಾರಣ ಗೇರ್‌ಬಾಕ್ಸ್. ಬೇರೆ ಸಿವಿಟಿಗಳ (ಮೆಟ್ಟಿಲು ಮೆಟ್ಟಿಲಾಗಿ ಗೇರ್ ಬದಲಾಗದ ಆಟೊಮ್ಯಾಟಿಕ್‌ಗಳ) ತರ ಇದರಲ್ಲಿ ಬೆಲ್ಟ್ ಇಲ್ಲ. ಒಂದು ಪ್ಲಾನೆಟರಿ ಗೇರ್ ಸೆಟ್ (ನಡುವಿನ ಗೇರ್ ಸುತ್ತ ಸಣ್ಣ ಗೇರ್‌ಗಳು ತಿರುಗುವ ಜೋಡಣೆ), ಎರಡು ಮೋಟಾರ್ ಜನರೇಟರ್, ಅಷ್ಟೇ. ಇಂಜಿನ್ ಎಷ್ಟು ತಿರುಗಬೇಕು ಅಂತ ಕಂಪ್ಯೂಟರ್ ನಿರ್ಧರಿಸುತ್ತದೆ, ನಮ್ಮ ಕಾಲು ಅಲ್ಲ. ಅಭ್ಯಾಸ ಆಗುವವರೆಗೆ ಕಿರಿಕಿರಿ. ಷಡ್ಡಕರು ಇದನ್ನು "ನಿಮ್ಮ ಗಾಡಿ ಕೂಗುತ್ತೆ ಕಣ್ರೀ" ಅಂತ ಹೇಳುತ್ತಾರೆ. ಅವರ ಗಾಡಿಯೂ ಅಷ್ಟೇ ಕೂಗುತ್ತದೆ, ಅದು ಅವರಿಗೆ ಕೇಳುವುದಿಲ್ಲ!

ಆದರೆ ಕೌಂಟರಿನವನಾಗಿ ನನಗೆ ಈ ಹೈಬ್ರಿಡ್ ಇಷ್ಟವಾದದ್ದು ಅದರಲ್ಲಿ ಇಲ್ಲದ ವಸ್ತುಗಳಿಗಾಗಿ. ಕ್ಲಚ್ ಪ್ಲೇಟ್ ಇಲ್ಲ. ಬೇರೆ ಸ್ಟಾರ್ಟರ್ ಮೋಟಾರ್ ಇಲ್ಲ. ಬೇರೆ ಆಲ್ಟರ್ನೇಟರ್ ಇಲ್ಲ. ಆ ಕೆಲಸವನ್ನೆಲ್ಲ ಜನರೇಟರ್‌ಗಳೇ ನೋಡಿಕೊಳ್ಳುತ್ತವೆ. ಬ್ರೇಕ್‌ನ ಹೆಚ್ಚಿನ ಕೆಲಸ ಮೋಟಾರ್ ಮಾಡುವುದರಿಂದ ಪ್ಯಾಡ್ ಸವೆಯುವುದೂ ನಿಧಾನ. ನಮ್ಮ ಕೌಂಟರಿನಲ್ಲಿ ಅತಿ ಹೆಚ್ಚು ಕೈ ಬದಲಾಗುತ್ತಿದ್ದ ಸಾಮಾನುಗಳೇ ಇವು. ಉಳಿದದ್ದು ದೊಡ್ಡ ಬ್ಯಾಟರಿಯ ಭಯ. ಅದಕ್ಕೆ ಎರಡೂ ಕಂಪನಿಯವರು 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತಾರೆ. ಇಲ್ಲೂ ಲೆಕ್ಕ ಒಂದೇ.

ಗಾಡಿಯ ಉಳಿದ ವಾರಂಟಿಯಲ್ಲಿ ಮಾತ್ರ ಮೊದಲು ನಿಜವಾದ ವ್ಯತ್ಯಾಸ ಇತ್ತು. ಟೊಯೋಟಾದವರು 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ಕೊಡುತ್ತಿದ್ದರು, ಮಾರುತಿಯವರು 2 ವರ್ಷ ಅಥವಾ 40,000 ಕಿಲೋಮೀಟರ್. ಒಂದೇ ಕಾರ್ಖಾನೆಯಿಂದ ಬಂದ ಗಾಡಿ, ಒಂದರ ಮೇಲೆ ಮೂರು ವರ್ಷ ನಂಬಿಕೆ, ಇನ್ನೊಂದರ ಮೇಲೆ ಎರಡೇ ವರ್ಷ. ಇದು ಯಾವ ನ್ಯಾಯ ಅಂತ ನಾನು ಷಡ್ಡಕರನ್ನು ರೇಗಿಸುತ್ತಿದ್ದೆ. 2024ರಲ್ಲಿ ಮಾರುತಿಯವರೂ 3 ವರ್ಷ, 1 ಲಕ್ಷ ಕಿಲೋಮೀಟರ್ ಮಾಡಿದರು. ನನ್ನ ಬಾಯಿ ಬಂದ್ ಆಯಿತು.

ಡಿಕ್ಕಿಯ ವಿಷಯಕ್ಕೆ ಬರೋಣ. ಮನೆಯವರು ಜಾಸ್ತಿ ಬೈಯುವುದು ಇದಕ್ಕೇ. ಗ್ರ್ಯಾಂಡ್ ವಿಟಾರಾದ ಲೆಕ್ಕ ತಗೊಂಡರೆ ಮೈಲ್ಡ್ ಹೈಬ್ರಿಡ್‌ನಲ್ಲಿ 373 ಲೀಟರ್ ಜಾಗ, ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ 265 ಲೀಟರ್. ನೂರು ಲೀಟರಿಗಿಂತ ಹೆಚ್ಚು ಜಾಗ ಬ್ಯಾಟರಿಗೆ ಹೋಯಿತು. ಡಿಕ್ಕಿಯ ನೆಲ ಉಬ್ಬಿಕೊಂಡಿದೆ, ದೊಡ್ಡ ಸೂಟ್‌ಕೇಸ್ ನಿಲ್ಲಿಸಲು ಆಗುವುದಿಲ್ಲ. ಹೈರೈಡರ್ ಹೈಬ್ರಿಡ್‌ನಲ್ಲೂ ಇದೇ ಕಥೆ. ಪ್ಲಾಟ್‌ಫಾರ್ಮ್ ಹಂಚಿಕೊಳ್ಳುವುದರ ಬೆಲೆ ಇಲ್ಲಿ ಕಣ್ಣಿಗೆ ಕಾಣುತ್ತದೆ. ನೆಲ ಒಂದು ಕಂಪನಿಯದು, ಹೈಬ್ರಿಡ್ ಇನ್ನೊಂದು ಕಂಪನಿಯದು. ಇರುವ ನೆಲದಲ್ಲಿ ಬ್ಯಾಟರಿಗೆ ಸಿಕ್ಕ ಜಾಗ ಡಿಕ್ಕಿ. ಮುಂದೆ ವಿಕ್ಟೋರಿಸ್ ಮಾಡುವಾಗ ಸುಜುಕಿಯವರು ಸಿಎನ್‌ಜಿ ಸಿಲಿಂಡರನ್ನು ಗಾಡಿಯ ನೆಲದ ಕೆಳಗೆ ಸೇರಿಸಿದರು. ಡಿಕ್ಕಿ ಉಳಿಯಿತು. ಅಂದರೆ ಅದೇ ನೆಲದಲ್ಲೂ ಮನಸ್ಸು ಮಾಡಿದರೆ ಜಾಗ ಹುಡುಕಬಹುದು ಅಂತಾಯಿತು.

ಹಿಂದಿನ ಸೀಟು ಇಬ್ಬರಿಗೆ ಆರಾಮ, ಮೂವರಿಗೆ ಬಿಗಿ. ಅಗಲ ಎರಡರಲ್ಲೂ 1795 ಮಿಲಿಮೀಟರ್. ಉದ್ದದಲ್ಲಿ ಹೈರೈಡರ್ 4365, ಗ್ರ್ಯಾಂಡ್ ವಿಟಾರಾ 4345. ಆ 20 ಮಿಲಿಮೀಟರ್ ಒಳಗೆ ಎಲ್ಲೂ ಸಿಗುವುದಿಲ್ಲ, ಅದು ಬಂಪರಿನ ಮೂಗು. ಸೀಟ್ ಬಣ್ಣ ಬೇರೆ, ಅಷ್ಟೇ. ನನ್ನದು ಕಪ್ಪು ಮತ್ತು ಕಂದು, ಅವರದು ಪೂರ್ತಿ ಕಪ್ಪು, ಅಲ್ಲಲ್ಲಿ ಚಿನ್ನದ ಬಣ್ಣದ ಗೆರೆ. ಸ್ಟೇರಿಂಗ್, ಎಸಿ ಬಟನ್, ಕಿಟಕಿ ಸ್ವಿಚ್, ಒಂಬತ್ತು ಇಂಚಿನ ಸ್ಕ್ರೀನ್ ಎಲ್ಲ ಒಂದೇ ಮನೆಯವು. ಬಲೆನೊ ಓಡಿಸಿದವರು ಕತ್ತಲಲ್ಲೂ ಸ್ವಿಚ್ ಹುಡುಕಬಹುದು. ಇಷ್ಟು ದೊಡ್ಡ ಗಾಡಿಗೆ ಸಣ್ಣ ಗಾಡಿಯ ಸ್ವಿಚ್ ಯಾಕೆ ಅಂತ ಕೆಲವರಿಗೆ ಬೇಜಾರು. ನನಗೆ ಸಂತೋಷ. ಲಕ್ಷಗಟ್ಟಲೆ ಗಾಡಿಗಳಲ್ಲಿರುವ ಸ್ವಿಚ್ ಕೆಟ್ಟರೆ ನಾಳೆ ಬೆಳಗ್ಗೆ ಸಿಗುತ್ತದೆ.

ಹಂಚಿಕೆಯಿಂದ ಒಳ್ಳೆಯದಷ್ಟೇ ಹರಡುವುದಿಲ್ಲ, ದೋಷವೂ ಹರಡುತ್ತದೆ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ಕಂಟ್ರೋಲರ್ ಪರೀಕ್ಷೆಗೆ ಮಾರುತಿಯವರು 17,362 ಗಾಡಿಗಳನ್ನು ವಾಪಸ್ ಕರೆದರು. ಆಲ್ಟೊ ಕೆ10, ಈಕೊದಿಂದ ಹಿಡಿದು ಗ್ರ್ಯಾಂಡ್ ವಿಟಾರಾದವರೆಗೆ. ಅದೇ ಹೊತ್ತಿಗೆ ಟೊಯೋಟಾದವರು ಅದೇ ಕಾರಣಕ್ಕೆ 1,390 ಗ್ಲಾಂಝಾ ಮತ್ತು ಹೈರೈಡರ್‌ಗಳನ್ನು ಕರೆದರು. ಆಲ್ಟೊಗೂ ನನ್ನ ಗಾಡಿಗೂ ಏನು ಸಂಬಂಧ ಅಂತ ಅನ್ನಿಸಬಹುದು. ಸಂಬಂಧ ಇದೆ. ಹಾಗಾಗಿ ಹಂಚಿಕೆಯ ಗಾಡಿ ಇಟ್ಟುಕೊಂಡವರಿಗೆ ನನ್ನ ಸಲಹೆ ಒಂದೇ. ನಿಮ್ಮ ಲೋಗೋದ ಸುದ್ದಿ ಮಾತ್ರ ನೋಡಬೇಡಿ, ಜೋಡಿ ಗಾಡಿಯ ಸುದ್ದಿಯನ್ನೂ ನೋಡಿ. ಅಲ್ಲಿ ವಾಪಸಾತಿ ಬಂದರೆ ನಿಮ್ಮ ಚಾಸಿ ನಂಬರ್ ಹಾಕಿ ಒಮ್ಮೆ ಚೆಕ್ ಮಾಡಿ.

ಇದನ್ನೇ ಬೇರೆ ಕಂಪನಿಗಳು ಹೇಗೆ ಮಾಡಿದ್ದಾರೆ ಅಂತ ನೋಡಿದರೆ ಹೈರೈಡರ್ ಜೋಡಿಯ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ನನ್ನ ಪ್ರಕಾರ ನಮ್ಮಲ್ಲಿ ಹಂಚಿಕೆಯನ್ನು ಅತಿ ಜಾಣತನದಿಂದ ಮಾಡಿದವರು ಹ್ಯುಂಡೈ ಮತ್ತು ಕಿಯಾ. ಎರಡನೇ ತಲೆಮಾರಿನ ಕ್ರೆಟಾ ಮತ್ತು ಮೊದಲ ಸೆಲ್ಟೋಸ್‌ಗೆ ಚಕ್ರದಿಂದ ಚಕ್ರಕ್ಕೆ ಅಂತರ ಒಂದೇ, 2610 ಮಿಲಿಮೀಟರ್. 1.5 ಪೆಟ್ರೋಲ್ ಒಂದೇ, 1.5 ಡೀಸೆಲ್ ಒಂದೇ. ಆದರೆ ಪಕ್ಕಪಕ್ಕ ನಿಲ್ಲಿಸಿದರೆ ಬಾಗಿಲು ಬೇರೆ, ಡ್ಯಾಶ್‌ಬೋರ್ಡ್ ಬೇರೆ, ಕೂತಾಗ ಬರುವ ಭಾವನೆಯೂ ಬೇರೆ. ಸ್ಕೋಡಾ ಕುಶಾಕ್ ಮತ್ತು ಫೋಕ್ಸ್‌ವ್ಯಾಗನ್ ಟೈಗುನ್ ಕೂಡ ಹಾಗೆಯೇ. ಒಳಗಿನ ಅಸ್ಥಿ ಒಂದು, ಎರಡಕ್ಕೂ 2651 ಮಿಲಿಮೀಟರ್, ಮುಖಗಳು ಬೇರೆ. ಇದಕ್ಕೆ ಖರ್ಚು ಜಾಸ್ತಿ. ಬಾಗಿಲಿನ ತಗಡು ಒತ್ತುವ ಅಚ್ಚುಗಳು ತುಂಬಾ ದುಬಾರಿ. ಬಾಗಿಲು ಬದಲಾದರೆ ಗಾಜು, ಕೀಲು, ರಬ್ಬರ್ ಪಟ್ಟಿ, ಒಳಗಿನ ಪ್ಯಾನೆಲ್ ಎಲ್ಲ ಬದಲಾಗಬೇಕು. ಪಕ್ಕದಿಂದ ಇನ್ನೊಂದು ಗಾಡಿ ಬಂದು ಗುದ್ದಿದರೆ ಏನಾಗುತ್ತದೆ ಅಂತ ಮತ್ತೆ ಪರೀಕ್ಷಿಸಬೇಕು. ಹೈರೈಡರ್ ಜೋಡಿಯಲ್ಲಿ ಆ ಖರ್ಚನ್ನು ಉಳಿಸಿದ್ದಾರೆ. ಪಕ್ಕದಿಂದ ನೋಡಿದರೆ ಬಾಗಿಲು, ಚಾವಣಿ, ಕಿಟಕಿ ಗಾಜಿನ ಗೆರೆ ಎಲ್ಲ ಒಂದೇ. ದುಡ್ಡು ಸುರಿದಿರುವುದು ಮುಂದೆ ಮತ್ತು ಹಿಂದೆ.

ತೀರಾ ಕೆಟ್ಟದಾಗಿ ಮಾಡಿದವರೂ ಇದ್ದಾರೆ. 1980ರ ದಶಕದಲ್ಲಿ ಜನರಲ್ ಮೋಟಾರ್ಸ್‌ನವರು ಸಾದಾ ಷೆವರ್ಲೆ ಕ್ಯಾವಲಿಯರ್‌ಗೆ ಅಲಂಕಾರ ಮಾಡಿ ಕ್ಯಾಡಿಲಾಕ್ ಸಿಮರಾನ್ ಅಂತ ಮಾರಿದರು. ಇಂದಿಗೂ ಜನ ಅದನ್ನು ತೋರಿಸಿ ನಗುತ್ತಾರೆ. 2011ರಲ್ಲಿ ಆಸ್ಟನ್ ಮಾರ್ಟಿನ್ ಪುಟ್ಟ ಟೊಯೋಟಾ ಐಕ್ಯೂ ತಗೊಂಡು ಒಳಗೆ ಚರ್ಮ ಹೊದಿಸಿ ಸಿಗ್ನೆಟ್ ಅಂತ ಹೆಸರಿಟ್ಟಿತು. 2013ಕ್ಕೆ ಮುಗಿಯಿತು. ಒಳಗೆ ಏನಿದೆಯೋ ಅದಕ್ಕೂ ಕೇಳುವ ಬೆಲೆಗೂ ತಾಳೆ ಆಗದಿದ್ದರೆ ಜನ ಹಿಡಿದುಬಿಡುತ್ತಾರೆ.

ಹಂಚಿಕೊಂಡ ಇಂಜಿನ್ ಅನ್ನು ಎಷ್ಟು ಬೇರೆ ಬೇರೆ ಮಾಡಬಹುದು ಅನ್ನುವುದಕ್ಕೆ ಟಾಟಾ ಹ್ಯಾರಿಯರ್ ನೋಡಿ. ಅದರ 1956 ಸಿಸಿ ಡೀಸೆಲ್ ಫಿಯೆಟ್‌ನದು. ಅದೇ ಇಂಜಿನ್ ಜೀಪ್ ಕಂಪಾಸ್‌ನಲ್ಲೂ ಇತ್ತು, ಎಂಜಿ ಹೆಕ್ಟರ್‌ನಲ್ಲೂ ಇತ್ತು. ಮೂವರೂ ಎದುರಾಳಿಗಳು. 2019ರಲ್ಲಿ ಬಂದಾಗ ಹ್ಯಾರಿಯರ್‌ನಲ್ಲಿ 140 ಪಿಎಸ್, ಕಂಪಾಸ್‌ನಲ್ಲಿ 173, ಹೆಕ್ಟರ್‌ನಲ್ಲಿ 170. ಮರುವರ್ಷ ಹ್ಯಾರಿಯರ್ ಕೂಡ 170 ಆಯಿತು, ಜೊತೆಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಂತು. ಅದು ಹ್ಯುಂಡೈನಿಂದ ತಂದದ್ದು. ನೆಲ ಲ್ಯಾಂಡ್ ರೋವರ್‌ನ ಡಿ8ನಿಂದ ಬೆಳೆದದ್ದು. ಇಷ್ಟೆಲ್ಲ ಸೇರಿ ಅದು ಟಾಟಾ. ಇದರಲ್ಲಿ ತಪ್ಪೇನೂ ಇಲ್ಲ. ಯಾವ ಕಂಪನಿಯೂ ಎಲ್ಲವನ್ನೂ ತಾನೇ ಮಾಡುವುದಿಲ್ಲ.

ಈಗ ನನ್ನ ಅಸಲಿ ಮಾತು. ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾದಲ್ಲಿ ಬೇರೆ ಇರುವುದು ಏನು ಅಂತ ಒಂದು ಪಟ್ಟಿ ಮಾಡಿ ನೋಡಿ. ಮುಂದಿನ ಬಂಪರ್. ಗ್ರಿಲ್. ಹೆಡ್‌ಲೈಟ್. ಅದರ ಮೇಲಿರುವ ಹಗಲು ಉರಿಯುವ ಲೈಟ್. ಹಿಂದಿನ ಬಂಪರ್. ಹಿಂದಿನ ಲೈಟ್. ಅಲಾಯ್ ವೀಲ್. ಈಗ ಇನ್ನೊಂದು ಪಟ್ಟಿ ಮಾಡಿ, ಊರೊಳಗೆ ಓಡಾಡುವ ಗಾಡಿಯಲ್ಲಿ ಮೊದಲು ಮುರಿಯುವುದು ಏನು ಅಂತ. ಬಂಪರ್, ಹೆಡ್‌ಲೈಟ್, ಹಿಂದಿನ ಲೈಟ್, ಅಲಾಯ್ ವೀಲ್. ಎರಡೂ ಪಟ್ಟಿ ಒಂದೇ!

ಇದು ಬೇಕಂತ ಮಾಡಿದ್ದಲ್ಲ. ಕಡಿಮೆ ಖರ್ಚಿನಲ್ಲಿ ಮುಖ ಬದಲಿಸಬೇಕಾದರೆ ಪ್ಲಾಸ್ಟಿಕ್ ಮತ್ತು ಲೈಟ್ ಬದಲಿಸುವುದೇ ಸುಲಭ, ತಗಡು ಮುಟ್ಟಬೇಕಾಗಿಲ್ಲ. ಮುರಿಯುವುದೂ ಅವೇ. ಆದರೆ ಕೊಂಡವನಿಗೆ ಇದರ ಅರ್ಥ ಏನು? ಕಣ್ಣಿಗೆ ಕಾಣದ ಒಳಗಿನ ಭಾಗಗಳಲ್ಲಿ ಹಂಚಿಕೆಯ ಲಾಭ ಇದೆ. ಹೊರಗೆ ಪೆಟ್ಟು ತಿಂದು ಮುರಿಯುವ ಭಾಗಗಳಲ್ಲಿ ಆ ಲಾಭ ಇಲ್ಲ. ಇಂಜಿನ್ ಆಯಿಲ್ ಫಿಲ್ಟರ್, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಶ್ ಎಲ್ಲ ಜೋಡಿ ಗಾಡಿಗೂ ಅಣ್ಣತಮ್ಮಂದಿರಿಗೂ ನಡೆಯುತ್ತದೆ. ಹೆಡ್‌ಲೈಟ್ ಮಾತ್ರ ನಿಮ್ಮ ಲೋಗೋದ್ದೇ ಬೇಕು. ಕಡಿಮೆ ಮಾರಾಟವಾಗುವ ಲೋಗೋ ಇದ್ದರೆ ಆ ಲೈಟ್ ರ‍್ಯಾಕಿನಲ್ಲಿ ಇಡುವವರೂ ಕಡಿಮೆ.

ಇನ್ನೊಂದು ಸಂಗತಿ ಇದೆ. ಈ ಎರಡರಲ್ಲೂ ಹೆಡ್‌ಲೈಟ್ ಇರುವುದು ಬಾನೆಟ್ ಅಂಚಿನಲ್ಲಿ ಅಲ್ಲ, ಕೆಳಗೆ ಬಂಪರಿನ ಮಟ್ಟದಲ್ಲಿ. ಮೇಲೆ ಕಾಣುವುದು ಹಗಲಿನ ಲೈಟ್. ಹಿಂದೆಯೂ ಇಂಡಿಕೇಟರ್ ಮತ್ತು ರಿವರ್ಸ್ ಲೈಟ್ ಬಂಪರಿನಲ್ಲೇ. ನೋಡಲು ಚೆಂದ ನಿಜ. ಸ್ಕೂಟರ್ ಹ್ಯಾಂಡಲ್, ಆಟೋ ಬಂಪರ್, ಪಾರ್ಕಿಂಗ್ ಕಂಬ ಎಲ್ಲ ತಾಗುವುದು ಸರಿಯಾಗಿ ಆ ಎತ್ತರಕ್ಕೇ. ಹಳೇ ಗಾಡಿಗಳಲ್ಲಿ ಬಂಪರ್ ಪೆಟ್ಟು ತಿಂದು ಲೈಟ್ ಉಳಿಸುತ್ತಿತ್ತು. ಈಗ ಲೈಟೇ ಮುಂದಾಳು. ಇದು ಈ ಜೋಡಿಯ ಮೇಲಿನ ದೂರು ಮಾತ್ರ ಅಲ್ಲ, ಈಗಿನ ಅರ್ಧಕ್ಕರ್ಧ ಗಾಡಿಗಳಲ್ಲಿ ಇದೇ ಫ್ಯಾಷನ್. ಸೊನ್ನೆ ಸವಕಳಿ (ಝೀರೋ ಡೆಪ್ರಿಸಿಯೇಷನ್) ಇನ್ಶೂರೆನ್ಸ್ ಇಲ್ಲದೆ ಇಂಥ ಗಾಡಿ ಊರೊಳಗೆ ಓಡಿಸಬೇಡಿ. ಪ್ಲಾಸ್ಟಿಕ್ ಭಾಗಗಳಿಗೆ ಸಾದಾ ಪಾಲಿಸಿಯಲ್ಲಿ ಅರ್ಧದಷ್ಟು ಸವಕಳಿ ಅಂತ ಕಳೆಯುತ್ತಾರೆ.

ಅವರ ಡಬ್ಬಿಯ ಪಾರ್ಟ್ ನಮ್ಮ ಗಾಡಿಗೆ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ವಸ್ತು ಒಂದೇ ಇದ್ದರೆ ಕೂರುತ್ತದೆ. ಡಬ್ಬಿಯ ಮೇಲಿನ ನಂಬರ್ ಬೇರೆ ಇದ್ದರೂ ವಸ್ತುವಿನ ಮೈಮೇಲೆ ತಯಾರಿಸಿದವನ ಗುರುತು ಇರುತ್ತದೆ, ಅದನ್ನು ತಾಳೆ ನೋಡಬೇಕು. ಆದರೆ ವಾರಂಟಿ ಇರುವವರೆಗೆ ಆ ಸಾಹಸ ಬೇಡ. ನಾಳೆ ಇಂಜಿನ್‌ಗೆ ಏನಾದರೂ ಆದರೆ ಫಿಲ್ಟರ್ ಯಾವ ಡಬ್ಬಿಯದು ಅನ್ನುವುದೇ ಜಗಳದ ಮೂಲ ಆಗುತ್ತದೆ. ವಾರಂಟಿ ಮುಗಿದ ಮೇಲೆ ಧಾರಾಳವಾಗಿ ಹುಡುಕಿ.

ಯಾವುದು ತಗೊಳ್ಳಬೇಕು ಅಂದರೆ, ಮೊದಲು ಲೋಗೋ ಮರೆತು ಇಂಜಿನ್ ಆರಿಸಿ. ದಿನಾ ಟ್ರಾಫಿಕ್, ಸಾಮಾನು ಕಡಿಮೆ, ಗಾಡಿ ಬಹಳ ವರ್ಷ ಇಟ್ಟುಕೊಳ್ಳುತ್ತೀರಿ ಅಂದರೆ ಸ್ಟ್ರಾಂಗ್ ಹೈಬ್ರಿಡ್. ಹೈವೇ ಜಾಸ್ತಿ, ಡಿಕ್ಕಿ ಬೇಕು ಅಂದರೆ ಮೈಲ್ಡ್ ಹೈಬ್ರಿಡ್. ಅದರ ಪಿಕಪ್ ಸಾಧಾರಣ, ಆದರೆ ಬ್ರೆಜ್ಜಾ ರಿಪೇರಿ ಮಾಡಿದ ಯಾವ ಮೆಕ್ಯಾನಿಕ್‌ಗೂ ಆ ಇಂಜಿನ್ ಗೊತ್ತು. ತೋಟದ ಕೆಸರು ದಾರಿ, ಗುಡ್ಡದ ಜಾರು ದಾರಿ ದಿನಾ ಇದ್ದವರಿಗೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾಡೆಲ್ ಇದೆ. ಸುಜುಕಿಯ ಆಲ್‌ಗ್ರಿಪ್, ಎರಡು ಲೋಗೋದಲ್ಲೂ ಸಿಗುತ್ತದೆ, ಆದರೆ ಸುಜುಕಿಯ ಇಂಜಿನ್ ಜೊತೆ ಮಾತ್ರ. ಆಟೊ, ಸ್ನೋ, ಸ್ಪೋರ್ಟ್, ಲಾಕ್ ಅಂತ ನಾಲ್ಕು ಮೋಡ್. ಲಾಕ್ ಒಂದೇ ಸಾಕು ಅದನ್ನು ತಗೊಳ್ಳೋಕೆ. ಈ ಗಾತ್ರದ ಪೆಟ್ರೋಲ್ ಗಾಡಿಗಳಲ್ಲಿ ಆ ಸೌಲಭ್ಯ ಕೊಡುವವರು ನಮ್ಮಲ್ಲಿ ತುಂಬಾ ಕಡಿಮೆ.

ಇಂಜಿನ್ ಆರಿಸಿದ ಮೇಲೆ ಲೋಗೋ. ಟೆಸ್ಟ್ ಡ್ರೈವ್ ಎರಡು ಕಡೆ ಮಾಡುವ ಅಗತ್ಯವೇ ಇಲ್ಲ, ಒಂದು ಕಡೆ ಸಾಕು. ಉಳಿದ ಸಮಯವನ್ನು ಎರಡೂ ಸರ್ವಿಸ್ ಸೆಂಟರಿನ ಪಾರ್ಟ್ಸ್ ಕೌಂಟರಿನಲ್ಲಿ ಕಳೆಯಿರಿ. ಮಾರಾಟದವರ ಹತ್ತಿರ ಅಲ್ಲ, ಪಾರ್ಟ್ಸ್‌ನವರ ಹತ್ತಿರ. ಎಡಗಡೆಯ ಹೆಡ್‌ಲೈಟ್, ಮುಂದಿನ ಬಂಪರ್, ಬಂಪರಿನೊಳಗಿನ ಹಿಂದಿನ ಇಂಡಿಕೇಟರ್, ಒಂದು ಅಲಾಯ್ ವೀಲ್, ಪಕ್ಕದ ಕನ್ನಡಿ. ಪ್ರತಿಯೊಂದಕ್ಕೂ ಬೆಲೆ ಎಷ್ಟು, ಸ್ಟಾಕ್ ಇದೆಯಾ, ಇಲ್ಲದಿದ್ದರೆ ಎಷ್ಟು ದಿನ ಅಂತ ಕೇಳಿ ಬರೆದುಕೊಳ್ಳಿ. ಕೌಂಟರಿನಲ್ಲಿರುವ ಹುಡುಗ ಕಂಪ್ಯೂಟರ್ ನೋಡಿ ಎರಡು ನಿಮಿಷದಲ್ಲಿ ಹೇಳುತ್ತಾನೆ, ನೀವು ಗಾಡಿ ಕೊಂಡಿಲ್ಲದಿದ್ದರೂ ಹೇಳುತ್ತಾನೆ. ಕನ್ನಡಿಯ ಬೆಲೆಯನ್ನು ಕೊನೆಗೆ ಕೇಳಿ. 360 ಡಿಗ್ರಿ ಕ್ಯಾಮೆರಾ ಇರುವ ಮಾಡೆಲ್ ಆದರೆ ಕ್ಯಾಮೆರಾ ಸೇರಿಸಿ ಹೇಳಿ ಅನ್ನಿ.